ಆ ಮನೆಯವರಿಗೆಲ್ಲ ನನ್ನ ನಮಸ್ಕಾರ

ಫ್ರಾನ್ಸಿನಲ್ಲಿ ನೆಲೆಸಲು ಬೇಕಾದ ನನ್ನ ಹೊಸ ರೆಸಿಡೆನ್ಸ್ ಕಾರ್ಡ್ ನಿನ್ನೆ ಕೈಗೆ ಬಂತು. ಇನ್ನು ಧೈರ್ಯವಾಗಿ ಊರಿಗೆ ಹೋಗಿ ಅಮ್ಮನನ್ನು ನೋಡಿಕೊಂಡು ಬರಬಹುದು. ಈ ಹೊತ್ತಿನಲ್ಲಿ ನಾಲ್ಕು ಮಾತು ಬರೆಯದಿದ್ದರೆ ಉಂಡ ಮನೆಯನ್ನೇ ಮರೆತಂತೆ.

ಕೆಲಸ ಹೋಗಿ, ಕಾರ್ಡಿನ ನವೀಕರಣವೂ ನಿಂತು, ಬಾಡಿಗೆಗೆ ದುಡ್ಡಿಲ್ಲದೆ ಒದ್ದಾಡುತ್ತಿದ್ದಾಗ ಪ್ಯಾರಿಸ್ ಪಕ್ಕದ ಒಂದು ಮನೆಯವರು ನನ್ನನ್ನು ಕರೆದು ಇಟ್ಟುಕೊಂಡರು. ಬೇರೆ ಬೇರೆ ದೇಶದವರು ಕೂಡಿ ಬಾಡಿಗೆ ಕಟ್ಟುವ ಮನೆ ಅದು. ಅಡುಗೆಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬ. ದಿನಸಿಗೆಂದು ಎಲ್ಲರೂ ಅದಕ್ಕೆ ದುಡ್ಡು ಹಾಕುತ್ತಾರೆ. ನನ್ನ ಪಾಲೆಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಬೆಳಗಿನ ಜಾವ ಚಳಿಯಲ್ಲಿ ನನ್ನ ಜೊತೆ ಸರದಿಯಲ್ಲಿ ನಿಂತವರು, ಫ್ರೆಂಚ್ ಅರ್ಜಿಗಳನ್ನು ಕೂತು ತುಂಬಿಕೊಟ್ಟವರು, ಮೈಸೂರಿನಿಂದ ಪುಳಿಯೋಗರೆ ಗೊಜ್ಜು ಕಳಿಸಿದ ಅತ್ತಿಗೆ, ಎಲ್ಲರಿಗೂ ನಾನು ಋಣಿ.

ಆ ಮನೆಯ ಹಿರಿಯರೊಬ್ಬರಿಗೆ ಬೇರೆಯಾಗಿಯೇ ವಂದನೆ ಹೇಳಬೇಕು. ನಾನು ಮಂಕಾಗಿ ಕೂತಿದ್ದ ಒಂದು ಸಂಜೆ ಅವರು ಗಾಂಗ್ ಎಂಬ ರಾಕ್ ಬ್ಯಾಂಡಿನ ರೆಕಾರ್ಡ್ ಹಾಕಿದರು. ಆ ಬ್ಯಾಂಡನ್ನು ಕಟ್ಟಿದ ಡೇವಿಡ್ ಆಲೆನ್ ಆಸ್ಟ್ರೇಲಿಯಾದವರು. 1967ರಲ್ಲಿ ತಾವು ಆಗ ನುಡಿಸುತ್ತಿದ್ದ ಇಂಗ್ಲೆಂಡಿನ ಸಾಫ್ಟ್ ಮೆಷೀನ್ ತಂಡದ ಜೊತೆ ಫ್ರಾನ್ಸಿಗೆ ಬಂದು ಹಿಂದಿರುಗುವಾಗ, ವೀಸಾ ಅವಧಿ ಮೀರಿದ್ದರೆಂದು ಬ್ರಿಟನ್ ಅವರನ್ನು ಒಳಗೆ ಬಿಡಲಿಲ್ಲ. ತಂಡ ಆ ಕಡೆ, ಇವರು ಈ ಕಡೆ. ಅದನ್ನು ಕೇಳಿ ನನ್ನ ಗಂಟಲು ಕಟ್ಟಿತು. ಪ್ಯಾರಿಸ್ಸಿನಲ್ಲೇ ಉಳಿದ ಅವರು ಗಾಯಕಿ ಗಿಲಿ ಸ್ಮಿತ್ ಜೊತೆ ಗಾಂಗ್ ಶುರುಮಾಡಿದರು. ಮುಂದೆ ಸಾನ್ಸ್ ಊರಿನ ಹತ್ತಿರ, ಕಾಡಿನ ನಡುವಿನ ಒಂದು ಹಳೇ ಮನೆಯಲ್ಲಿ ತಂಡವೆಲ್ಲ ಒಟ್ಟಿಗೆ ಬದುಕಿತು. ಫ್ರಾನ್ಸಿನ ದಿದಿಯೇ ಮಾಲೆರ್ಬ್ ಸ್ಯಾಕ್ಸೊಫೋನು, ಇಂಗ್ಲೆಂಡಿನ ಸ್ಟೀವ್ ಹಿಲೇಜ್ ಗಿಟಾರು, ಟಿಮ್ ಬ್ಲೇಕ್ ಸಿಂಥಸೈಸರು. 1973ರಲ್ಲಿ ಧ್ವನಿಮುದ್ರಣದ ಲಾರಿಯೇ ಆ ಮನೆ ಬಾಗಿಲಿಗೆ ಬಂದು ‘ಏಂಜಲ್ಸ್ ಎಗ್’ ಆಲ್ಬಂ ಅಲ್ಲೇ ಮುದ್ರಣವಾಯಿತು.

ಇದನ್ನು ಅಮಲಿನ ಸಂಗೀತ ಎಂದು ತಳ್ಳಿಹಾಕುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. ಶಾಸ್ತ್ರೀಯ ತಾಳವಾದ್ಯ ಕಲಿತು ಬಂದ ಗಾಂಗ್‌ನ ಡ್ರಮ್ಮರ್ ಪಿಯೇರ್ ಮೋರ್ಲೆನ್ ನುಡಿಸುವುದನ್ನು ಕಿವಿಗೊಟ್ಟು ಕೇಳಿ. ತಾಳ ಎಷ್ಟೇ ತಿರುಗಿದರೂ ಸ್ಯಾಕ್ಸೊಫೋನು, ಗಿಟಾರು ಅದರ ಜೊತೆಗೇ ತಿರುಗುತ್ತವೆ. ದಿನವೂ ಒಂದೇ ಸೂರಿನಡಿ ಉಂಡು, ಒಟ್ಟಿಗೆ ಕೂತು ನುಡಿಸದವರಿಗೆ ಈ ಹೊಂದಾಣಿಕೆ ಬರುವುದಿಲ್ಲ ಎಂದೇ ನನ್ನ ನಂಬಿಕೆ. ಮಕ್ಕಳೂ ಇದ್ದ ಆ ಮನೆಯಲ್ಲಿ ಒಲೆ ಹಚ್ಚಿದವರು, ಪಾತ್ರೆ ತೊಳೆದವರು ಯಾರೋ, ಆ ಸಂಗೀತದಲ್ಲಿ ಅವರ ಪಾಲೂ ಇದೆ.

ಆಲೆನ್ 2015ರಲ್ಲಿ, ಗಿಲಿ ಮರುವರ್ಷ ತೀರಿಕೊಂಡರು. ಅವರಿಗೆ ನೇರವಾಗಿ ಹೇಳಲಾರೆನಲ್ಲ, ಇಲ್ಲೇ ಕೈಮುಗಿಯುತ್ತೇನೆ.

ಹೊಸ ಕೆಲಸ ಸಿಕ್ಕಿದೆ, ಬರುವ ತಿಂಗಳು ನಾನು ಬೇರೆ ಮನೆಗೆ ಹೋಗುತ್ತೇನೆ. ನಾನಿದ್ದ ಸಣ್ಣ ಕೋಣೆಯನ್ನು ಬಾಡಿಗೆಗೆ ಕೊಡುವುದು ಬೇಡ, ಕಾಗದಪತ್ರಕ್ಕಾಗಿ ಕಾಯುತ್ತಿರುವ ಇನ್ನೊಬ್ಬರಿಗೆ ಇರಲಿ ಎಂದು ಮನೆಯವರೆಲ್ಲ ತೀರ್ಮಾನಿಸಿದ್ದಾರೆ. ಅದರ ಬಾಡಿಗೆಯಲ್ಲಿ ಅರ್ಧ ನಾನು ಕಟ್ಟುತ್ತೇನೆ. ಇಲ್ಲಿ ಕಷ್ಟದಲ್ಲಿರುವ ಕನ್ನಡದ ಹುಡುಗ ಹುಡುಗಿಯರು ಯಾರಾದರೂ ಇದ್ದರೆ, ಸಂಕೋಚ ಬಿಟ್ಟು ನನಗೆ ತಿಳಿಸಿ.