ನೀರಿನ ಆ್ಯಪ್ ಮಾಡುವ ಮುಂಚೆ ವಾಲ್ವ್‌ಮನ್ ಮಾತು ಕೇಳಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ನೀರಿನ ಬಗ್ಗೆ ಮಾತು ಎದ್ದಾಗಲೆಲ್ಲ ಸೆನ್ಸರ್, ಸ್ಕಾಡಾ (ಪಂಪು, ವಾಲ್ವ್‌ಗಳನ್ನು ದೂರದಿಂದಲೇ ನೋಡಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆ), ಸ್ಮಾರ್ಟ್ ಮೀಟರ್, ಮೊಬೈಲ್ ಆ್ಯಪ್ ಅಂತ ಬಂದೇ ಬರುತ್ತದೆ. ಇವು ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು, ಬೇಗ ಬೇಕು. ಆದರೆ ಇವೆಲ್ಲ ನಡೆಯಬೇಕಾದದ್ದು ಯಾರ ಕೈಯಿಂದ? ಓಣಿ ಮೂಲೆಯಲ್ಲಿ ನಿಂತು ಚಾವಿ ತಿರುವಿ ನೀರು ಬಿಡುವ ವಾಲ್ವ್‌ಮನ್ ಕೈಯಿಂದ. ಅವರನ್ನು ಬಿಟ್ಟು ಎಷ್ಟು ದುಡ್ಡು ಸುರಿದರೂ ಈ ವ್ಯವಸ್ಥೆ ನಿಲ್ಲುವುದಿಲ್ಲ ಅನ್ನುವುದಕ್ಕೆ ಈ ಪತ್ರ.

ಇದಕ್ಕೆ ನಮ್ಮ ಊರಿನದೇ ಉದಾಹರಣೆ ಇದೆ. 2011ರ ಸುಮಾರಿಗೆ ನೆಕ್ಸ್ಟ್‌ಡ್ರಾಪ್ ಎಂಬ ಸಣ್ಣ ಸಂಸ್ಥೆ ಹುಬ್ಬಳ್ಳಿಯಲ್ಲಿ ಒಂದು ಸರಳ ಕೆಲಸ ಮಾಡುತ್ತಿತ್ತು. ವಾಲ್ವ್‌ಮನ್ ನೀರು ಬಿಡುವಾಗ ಫೋನ್ ಮಾಡಿ ತಿಳಿಸಬೇಕು, ಆ ಭಾಗದ ಮನೆಗಳಿಗೆ ಎಸ್ಸೆಮ್ಮೆಸ್ ಹೋಗುತ್ತದೆ, ಅಷ್ಟೇ. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ. ಮುಂದೆ ಅದು ಬೆಂಗಳೂರಿಗೆ ಹೋಯಿತು. ಅಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಕೂಲಂಕಷವಾಗಿ ನೋಡಿ 2018ರಲ್ಲಿ ಬರೆದರು. ಜನ ನೀರಿಗೆ ಕಾಯುವ ಹೊತ್ತು ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಒಂದು ದೊಡ್ಡ ಕಾರಣ, ವಾಲ್ವ್‌ಮನ್‌ಗಳಿಂದ ಮಾಹಿತಿ ಸರಿಯಾಗಿ ಬರುತ್ತಿರಲಿಲ್ಲ.

ಇದನ್ನು ಕೇಳಿ ಅವರನ್ನು ಬೈಯುವುದು ಸುಲಭ. ಸ್ವಲ್ಪ ಅವರ ಜಾಗದಲ್ಲಿ ನಿಂತು ನೋಡಿ. ನಸುಕಿನಲ್ಲಿ ಒಂದು ವಾಲ್ವ್, ಮಧ್ಯಾಹ್ನ ಇನ್ನೊಂದು, ರಾತ್ರಿ ಮತ್ತೊಂದು, ನಡುವೆ ಗಾಡಿಗೆ ಪೆಟ್ರೋಲ್ ತಮ್ಮದೇ, ಫೋನ್ ರೀಚಾರ್ಜ್ ತಮ್ಮದೇ, ಸಂಬಳ ಕಡಿಮೆ, ಗುತ್ತಿಗೆಯವರಾದರೆ ಅದೂ ಯಾವಾಗ ಕೈಗೆ ಬರುತ್ತದೋ ಗೊತ್ತಿಲ್ಲ. ಇದರ ಮೇಲೆ ಪ್ರತಿ ಸಲ ಆ್ಯಪ್ ತೆಗೆದು ಸಮಯ ಹಾಕು ಅಂದರೆ, ಹಾಕಿದ್ದಕ್ಕೆ ಏನೂ ಸಿಗದಿದ್ದರೆ, ತಡವಾಗಿದ್ದು ದಾಖಲಾಗಿ ಬೈಗುಳ ಮಾತ್ರ ಸಿಕ್ಕರೆ, ಯಾರಾದರೂ ಹಾಕುತ್ತಾರಾ? ತಡ ಆಗುವುದಕ್ಕೆ ಅವರು ಕಾರಣವೂ ಅಲ್ಲ. ನವಿಲುತೀರ್ಥ ಜಲಾಶಯದಿಂದ ಎತ್ತಿದ ಮಲಪ್ರಭೆ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ ನಮ್ಮ ಟ್ಯಾಂಕಿಗೆ ಬರಬೇಕು. ದಾರಿಯಲ್ಲಿ ಎಲ್ಲೋ ಕರೆಂಟ್ ಹೋದರೆ, ಪೈಪ್ ಒಡೆದರೆ, ಓಣಿಯಲ್ಲಿ ಮಾತು ಕೇಳಬೇಕಾದವರು ಇವರೇ. ಹಳೇ ಭಾಗಗಳಲ್ಲಿ ಯಾವ ಪೈಪ್ ಎಲ್ಲಿ ಹಾದು ಹೋಗಿದೆ ಅನ್ನುವುದು ಎಷ್ಟೋ ಕಡೆ ಇವರ ತಲೆಯಲ್ಲಿ ಮಾತ್ರ ಇದೆ. ಅವರು ನಿವೃತ್ತರಾಗುವ ಮುಂಚೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ನಕ್ಷೆ ಮಾಡಿಸಬೇಕು. ಅದೂ ಡಿಜಿಟಲ್ ಕೆಲಸವೇ ಅಲ್ವಾ?

ಇನ್ನು ಮೀಟರ್. ಜನ ಮೀಟರ್ ಅಂದರೆ ಹೆದರುತ್ತಾರೆ, ಅದಕ್ಕೆ ಕಾರಣ ಇದೆ. ದಿನ ಬಿಟ್ಟು ದಿನ ನೀರು ಬರುವ ಕಡೆ ಪೈಪ್ ಖಾಲಿಯಾಗಿ ಗಾಳಿ ತುಂಬಿಕೊಂಡಿರುತ್ತದೆ. ನೀರು ಬಿಟ್ಟಾಗ ಮೊದಲು ಆ ಗಾಳಿ ನುಗ್ಗುತ್ತದೆ. ಒಳಗೆ ಚಕ್ರ ತಿರುಗುವ ಹಳೇ ನಮೂನೆಯ ಮೀಟರ್ ಗಾಳಿಗೂ ತಿರುಗುತ್ತದೆ. ಬಾರದ ನೀರಿಗೆ ಬಿಲ್ ಬಂತು ಅನ್ನುವ ಸಿಟ್ಟು ಸುಮ್ನೆ ಹುಟ್ಟಿದ್ದಲ್ಲ. ಸೋರಿಕೆ ಹುಡುಕುವ ವಿಧಾನದ್ದೂ ಇದೇ ಕಥೆ. ರಾತ್ರಿ ಎರಡು-ಮೂರು ಗಂಟೆಗೆ ಎಲ್ಲರೂ ಮಲಗಿರುವಾಗ ಒಂದು ಭಾಗಕ್ಕೆ ಎಷ್ಟು ನೀರು ಹರಿಯುತ್ತಿದೆ ಅಂತ ಸೆನ್ಸರ್‌ನಲ್ಲಿ ನೋಡಿದರೆ ಬಹುಪಾಲು ಅದು ಸೋರಿಕೆ ಅಂತ ಲೆಕ್ಕ. ಆದರೆ ಆ ಹೊತ್ತಿಗೆ ಪೈಪಿನಲ್ಲಿ ನೀರೇ ಇಲ್ಲದ ಊರಲ್ಲಿ ಆ ಸೆನ್ಸರ್ ಏನು ಹೇಳಬೇಕು? 24 ಗಂಟೆ ನೀರಿರುವ ಊರಿಗೆ ಮಾಡಿದ ಸಾಧನವನ್ನು ತಂದು ಇಲ್ಲಿ ಹಾಕಿ, ಕೆಲಸ ಮಾಡಲಿಲ್ಲ ಅನ್ನುವುದು ತಪ್ಪು. ನಮ್ಮಲ್ಲೇ 2008ರ ಹೊತ್ತಿಗೆ ಕೆಲವು ವಾರ್ಡ್‌ಗಳಿಗೆ ಪ್ರಾಯೋಗಿಕವಾಗಿ 24 ಗಂಟೆ ನೀರು ಬಂತು. ಅಲ್ಲಿ ಮೀಟರ್‌ಗೂ ಸೆನ್ಸರ್‌ಗೂ ಅರ್ಥ ಇದೆ. ಉಳಿದ ಕಡೆ ಮೊದಲು ಪೈಪ್ ಮತ್ತು ಒತ್ತಡ ಸರಿಯಾಗಲಿ, ಮೀಟರ್ ಬಿಲ್ ಆಮೇಲೆ ಬರಲಿ.

ಮೆಸೇಜ್ ಯಾರ ಫೋನಿಗೆ ಹೋಗುತ್ತದೆ ಅನ್ನುವುದೂ ಮುಖ್ಯ. ನೀರು ತುಂಬುವವರು ಮನೆಯ ಹೆಣ್ಣುಮಕ್ಕಳು. ನಳದ ಕನೆಕ್ಷನ್ ಜೊತೆ ಕೊಟ್ಟ ನಂಬರ್ ಯಜಮಾನರದ್ದು. ಅವರು ಆ ಹೊತ್ತಿಗೆ ಅಂಗಡಿಯಲ್ಲೋ ಡ್ಯೂಟಿಯಲ್ಲೋ ಇರುತ್ತಾರೆ. ಬಾಡಿಗೆ ಮನೆಯಾದರೆ ಮೆಸೇಜ್ ಮಾಲೀಕರಿಗೆ ಹೋಗುತ್ತದೆ, ಅವರು ಬೇರೆ ಊರಲ್ಲೂ ಇರಬಹುದು. ಒಂದು ಮನೆಗೆ ಎರಡು ಮೂರು ನಂಬರ್ ಸೇರಿಸಲು ಬಿಟ್ಟರೆ ಖರ್ಚೇನೂ ಜಾಸ್ತಿ ಆಗುವುದಿಲ್ಲ. ದೂರಿನ ವಿಷಯವೂ ಹೀಗೇ. ನಮ್ಮ ಓಣಿಯಲ್ಲಿ ಪೈಪ್ ಸೋರುತ್ತಿದೆ ಅಂತ ದೂರು ಕೊಟ್ಟೆವು. ಸೋರಿಕೆ ಹಾಗೇ ಇರುವಾಗಲೇ "ದೂರು ಬಗೆಹರಿದಿದೆ" ಅಂತ ಮೆಸೇಜ್ ಬಂತು. ಅಂಥ ಮೆಸೇಜ್ ನೋಡಿದ ಮೇಲೆ ಓಣಿಯವರು ಮತ್ತೆ ಆ ನಂಬರಿಗೆ ಫೋನ್ ಮಾಡಲಿಲ್ಲ. ದೂರು ಮುಗಿಯಿತು ಅಂತ ಹೇಳುವ ಹಕ್ಕು ದೂರು ಕೊಟ್ಟವರಿಗೇ ಇರಬೇಕು.

ಗದಗ-ಬೆಟಗೇರಿ, ಹಾವೇರಿ ಕಡೆಯೂ ತುಂಗಭದ್ರೆ ನೀರಿಗೆ ಕಾಯುವ ಜನರಿಗೆ ಇದೇ ಪಾಡು. ಅಲ್ಲಿಯೂ ಮುಂದೆ ಇಂಥ ಸಾಧನಗಳು ಬರುತ್ತವೆ. ಟೆಂಡರ್ ಕರೆಯುವ ಮುಂಚೆಯೇ ವಾಲ್ವ್‌ಮನ್‌ಗಳನ್ನು, ಆಯಾ ಓಣಿಯ ಹೆಣ್ಣುಮಕ್ಕಳನ್ನು ಅವರಿಗೆ ಬರಲು ಆಗುವ ಹೊತ್ತಿಗೆ ಕರೆದು ಕೂರಿಸಿ ಕೇಳಿ. ನೀರು ಬಿಟ್ಟ ಸಮಯ ಹಾಕುವ ಕೆಲಸಕ್ಕೆ ಪ್ರತ್ಯೇಕ ಭತ್ಯೆ ಮತ್ತು ರೀಚಾರ್ಜ್ ಕೊಡಿ. ಸಾಧನ ಕೊಳ್ಳುವ ದುಡ್ಡಿನ ಜೊತೆ ಐದಾರು ವರ್ಷ ಅದನ್ನು ರಿಪೇರಿ ಮಾಡುವ ದುಡ್ಡನ್ನೂ ತೆಗೆದಿಡಿ. ಯಾವ ವಾರ್ಡಿಗೆ ಯಾವಾಗ, ಎಷ್ಟು ಹೊತ್ತು ನೀರು ಹೋಯಿತು ಅನ್ನುವುದು ಅಧಿಕಾರಿಗಳ ಪರದೆಯ ಮೇಲಷ್ಟೇ ಅಲ್ಲ, ವಾರ್ಡ್ ಕಚೇರಿಯ ಬೋರ್ಡ್ ಮೇಲೂ ಇರಲಿ. ಹೇಳಿದ ಸಮಯಕ್ಕೆ ನೀರು ಬರದ ದಿನ ಯಾಕೆ ಬರಲಿಲ್ಲ, ಕರೆಂಟ್ ಹೋಗಿತ್ತೋ ಪೈಪ್ ಒಡೆದಿತ್ತೋ, ಮತ್ತೆ ಯಾವಾಗ ಬಿಡುತ್ತಾರೆ ಅನ್ನುವುದನ್ನು ಅದೇ ದಿನ ಕನ್ನಡದಲ್ಲಿ ನಮ್ಮ ಫೋನಿಗೆ ಕಳಿಸಿ.

– ಒಬ್ಬ ಓದುಗರು, ಹಳೇ ಹುಬ್ಬಳ್ಳಿ