ನಿನ್ನ ಕಾಗದದ ಕೊನೆಯ ಸಾಲು

ಚಿರಂಜೀವಿ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಕೈಸೇರಿತು. ಸಾಫ್ಟ್‌ವೇರ್ ಕೆಲಸ ಬಿಟ್ಟು ಶಾಲೆಯಲ್ಲಿ ಪಾಠ, ಗ್ರಂಥಾಲಯ ಎಂದು ಮಕ್ಕಳ ನಡುವೆ ಇರಬೇಕೆಂಬ ನಿನ್ನ ಆಸೆ, ಅದಕ್ಕೆ ಅಡ್ಡ ಬರುವ ಮನೆಯ ಸಾಲ, ನಿನ್ನ ಅಪ್ಪನ ಮುನಿಸು, ಹನ್ನೊಂದು ವರ್ಷದ ನೌಕರಿ, ಇವೆಲ್ಲ ನಮ್ಮಲ್ಲಿ ಆಡಿ ಮುಗಿದ ಮಾತು. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಸಾಲು. "ಇಲ್ಲಿ ಕೋಡ್ ಕೆಟ್ಟರೆ ನಿನ್ನೆಯ ಪ್ರತಿಯನ್ನು ತಂದು ಕೂರಿಸುತ್ತೇವೆ ಅತ್ತೆ. ಮಗುವಿನ ವಿಷಯದಲ್ಲಿ ನಾನು ತಪ್ಪಿದರೆ ಯಾವ ಪ್ರತಿಯನ್ನು ತರಲಿ?" ಎಂದು ಕೇಳಿದ್ದೀಯ.

ಹಾಗೇನೂ ಆಗುವುದಿಲ್ಲ, ಧೈರ್ಯವಾಗಿರು ಎಂದು ಬರೆಯಲು ಕುಳಿತೆ. ಕೈ ಬರಲಿಲ್ಲ. ಆಗುತ್ತದೆ ಪುಟ್ಟಿ. ನನ್ನಿಂದ ಆಗಿದೆ.

ಕಡೂರಿನ ಕಡೆ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಡಂ ಆಗಿದ್ದಾಗಿನ ಮಾತು. 1987ರಲ್ಲಿ ಆರಂಭವಾದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲಿ ಶಾಲೆಗಳಿಗೆ ನಕ್ಷೆ, ಆಟದ ಸಾಮಾನು, ಪುಸ್ತಕ ಬರುತ್ತಿದ್ದವು. ನಮ್ಮಲ್ಲಿಗೂ ಬಂದವು. ಗಾಜಿನ ಬಾಗಿಲಿನ ಬೀರುವಿನಲ್ಲಿಟ್ಟು, ಲೈಬ್ರರಿ ಚಾರ್ಜ್ ಎಂದು ಬೀಗದ ಕೈ ನನಗೆ ಕೊಟ್ಟರು. ಒಂದು ಪುಸ್ತಕ ಕಳೆದರೂ ಸಂಬಳದಲ್ಲಿ ಹಿಡಿಯುತ್ತಾರೆ ಎಂದು ಹಿರಿಯ ಶಿಕ್ಷಕರೊಬ್ಬರು ಹೇಳಿದ್ದು ಕಿವಿಯಲ್ಲೇ ಉಳಿಯಿತು. ಬೀಗದ ಕೈಯನ್ನು ತಾಳಿಸರದ ಪಿನ್ನಿಗೆ ಸಿಕ್ಕಿಸಿಕೊಂಡು ಓಡಾಡಿದೆ.

ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಊಟದ ಬಿಡುವಿನಲ್ಲಿ ಗಾಜಿಗೆ ಮುಖ ಒತ್ತಿ ನಿಲ್ಲುತ್ತಿದ್ದ. ಅವನು ಹೋದ ಮೇಲೂ ಗಾಜಿನ ಮೇಲೆ ಉಸಿರಿನ ಮಬ್ಬು ಸ್ವಲ್ಪ ಹೊತ್ತು ಇರುತ್ತಿತ್ತು. "ಮೇಡಂ, ಆ ಆನೆ ಪುಸ್ತಕ" ಎಂದ ಒಂದು ದಿನ. ಕೈ ತೊಳೆದುಕೊಂಡು ಬಾ ಎಂದೆ. ತೊಳೆದು ಬಂದ. ಒದ್ದೆ ಕೈಯಲ್ಲಿ ಮುಟ್ಟಬಾರದು, ನಾಳೆ ನೋಡೋಣ ಎಂದೆ. ಮರುದಿನ ತೊಳೆದು, ಚಡ್ಡಿಗೆ ಒರೆಸಿಕೊಂಡು, ಎರಡೂ ಅಂಗೈ ಮುಂದೆ ಚಾಚಿ ನಿಂತ. ತಪಾಸಣೆ ಮುಗಿಯಲಿ ಎಂದೆ. ಅವನು ಮತ್ತೆ ಕೇಳಲಿಲ್ಲ. ಆ ವರ್ಷವೇ ಅವರ ಮನೆಯವರು ಕಾಫಿ ತೋಟದ ಕೂಲಿಗೆ ಮಲೆನಾಡಿಗೆ ಹೋದರು.

ನನಗೆ ವರ್ಗವಾದಾಗ ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡಿದರು. ಒಂದೂ ಕಳೆದಿರಲಿಲ್ಲ. ಎಲ್ಲರೆದುರು ಹೊಗಳಿದರು. ಆನೆ ಪುಸ್ತಕವನ್ನು ನಾನೇ ತೆಗೆದು ನೋಡಿದೆ. ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಆ ಅಂಗೈಗಳನ್ನು ಇಷ್ಟು ವರ್ಷವಾದರೂ ಮರೆತಿಲ್ಲ. ಹಿಂದಕ್ಕೆ ತರಲಾಗುವುದಿಲ್ಲ ಎಂದು ನೀನು ಬರೆದದ್ದು ನಿಜ. ಆದರೆ ಒಂದು ವಿಷಯ ನೀನೂ ಯೋಚಿಸು. ನಾನು ಆಗ ತಪ್ಪು ಮಾಡಬಾರದು ಎಂಬ ಹೆದರಿಕೆಯಲ್ಲೇ ಇದ್ದೆ. ನಿನ್ನ ಸಾಲಿನಲ್ಲಿ ಕಂಡದ್ದು ಅದೇ ಹೆದರಿಕೆ, ಅದಕ್ಕೇ ಎದೆ ಧಸಕ್ಕೆಂದಿತು.

ಬಹಳ ವರ್ಷಗಳ ನಂತರ ಒಂದು ತರಬೇತಿಯಲ್ಲಿ, ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರ ವಿಷಯ ಕೇಳಿದೆ. ಅವರು 1931ರಲ್ಲಿ ಗ್ರಂಥಾಲಯಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳು ಬಳಕೆಗಾಗಿ ಎಂಬುದು. ಹಿಂದೊಮ್ಮೆ ಯುರೋಪಿನಲ್ಲಿ ಪುಸ್ತಕಗಳಿಗೆ ಸರಪಳಿ ಬಿಗಿಯುತ್ತಿದ್ದರಂತೆ. ತರಬೇತಿಯಲ್ಲಿ ನಾನು ತಲೆ ಎತ್ತಲಿಲ್ಲ. ರಂಗನಾಥನ್ ಅವರೂ ನಿನ್ನ ಹಾಗೆ ಕಸುಬು ಬದಲಿಸಿದವರು. ಗಣಿತದ ಮೇಷ್ಟರಾಗಿದ್ದು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮೊದಮೊದಲು ಆ ಒಂಟಿತನ ತಾಳಲಾರದೆ ಪಾಠಕ್ಕೇ ಮರಳುತ್ತೇನೆ ಎಂದು ಪಟ್ಟು ಹಿಡಿದಿದ್ದರಂತೆ. ಬೆಂಗಳೂರಿನಲ್ಲಿ ನೀನು ಓಡಾಡುವ ಮೈಸೂರು ರಸ್ತೆಯಲ್ಲಿರುವ, ಗ್ರಂಥಾಲಯ ವಿಜ್ಞಾನ ಕಲಿಸುವ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು 1962ರಲ್ಲಿ ಕಟ್ಟಿದವರು ಅವರೇ. ಮೊದಲ ತಿಂಗಳಲ್ಲೇ ವಾಪಸ್ ಹೋಗಬೇಕು ಅನ್ನಿಸಿದರೆ ನಿನ್ನ ನಿರ್ಧಾರವೇ ತಪ್ಪು ಎಂದುಕೊಳ್ಳಬೇಡ ಎನ್ನುವುದಕ್ಕಾಗಿ ಇದನ್ನು ಬರೆದೆ.

ಇನ್ನು ಉಪಯೋಗದ ಮಾತು. ನನಗೆ ತಿಳಿದಿರುವುದು ಸ್ವಲ್ಪ, ಅದರಲ್ಲೂ ಹಳೆಯದಿರಬಹುದು, ನೀನೇ ವಿಚಾರಿಸು. ಬಿ.ಎಡ್. ಈಗ ಎರಡು ವರ್ಷ. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯಲ್ಲಿ ಮೊದಲ ಪತ್ರಿಕೆ ಒಂದರಿಂದ ಐದನೆಯ ತರಗತಿಗೆ, ಎರಡನೆಯದು ಆರರಿಂದ ಎಂಟಕ್ಕೆ. ಗ್ರಂಥಾಲಯ ವಿಜ್ಞಾನದ ಪದವಿ ಒಂದು ವರ್ಷದ್ದು, ಇಗ್ನೋ ಎಂಬ ದೂರಶಿಕ್ಷಣದ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲೇ ಕುಳಿತು ಓದಬಹುದು. ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಆದರೂ ನಮ್ಮ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಅದರ ಹೊಣೆ ಯಾರಾದರೂ ಮೇಷ್ಟರ ಹೆಗಲಿಗೇ ಬೀಳುತ್ತದೆ. ಹಾಗಾಗಿ ಪಾಠ ಮತ್ತು ಪುಸ್ತಕ ಎರಡನ್ನೂ ಕಲಿತಿಟ್ಟುಕೋ.

ಇನ್ನೊಂದು ಹೇಳಲೇ, ಬೇಸರಪಡಬೇಡ. ನೀನು ಹೋದವಳೇ ಗ್ರಂಥಾಲಯದ ಲೆಕ್ಕ ಇಡುವ ಕೋಹಾ ತಂತ್ರಾಂಶ ಹಾಕಿ ಎಲ್ಲ ಪುಸ್ತಕಕ್ಕೂ ಬಾರ್‌ಕೋಡ್ ಅಂಟಿಸಲು ಕೂರುತ್ತೀಯ ಎಂದು ನನ್ನ ಮನಸ್ಸು ಹೇಳುತ್ತದೆ. ಅದು ನಿನ್ನ ಕೈಗೆ ಪಳಗಿದ ಕೆಲಸ, ತಪ್ಪಾದರೂ ತಿದ್ದಬಹುದಾದ ಕೆಲಸ. ಅದು ಆಮೇಲೆ ಆಗಲಿ. ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಆನೆ ಎಂಬ ಪ್ರಾಣಿಗೆ 599, ಆನೆಯ ಜಾನಪದ ಕಥೆಗೆ 398. ಮಗು ಎರಡನ್ನೂ ಆನೆ ಪುಸ್ತಕ ಎಂದೇ ಕೇಳುತ್ತದೆ. ಕೆಳಗಿನ ಹಲಗೆಯಲ್ಲಿ ಎರಡನ್ನೂ ಒಟ್ಟಿಗೆ ಇಡು.

ರಾಜೀನಾಮೆ ಕೊಡುವ ಮುಂಚೆ ನಾಲ್ಕು ಶನಿವಾರ ಹತ್ತಿರದ ಯಾವುದಾದರೂ ಶಾಲೆಗೆ ಹೋಗಿ, ಮುಖ್ಯ ಶಿಕ್ಷಕರನ್ನು ಕೇಳಿ, ಮಕ್ಕಳಿಗೆ ಒಂದು ಕಥೆ ಓದಿ ಹೇಳು. ನೀನು ಹೆದರುವ ತಪ್ಪು ಅಲ್ಲೇ ಆಗಬಹುದು. ಯಾವುದೋ ಮಗುವಿನ ಮಾತು ನಿನ್ನ ಕಿವಿಗೆ ಬೀಳದೇ ಹೋಗಬಹುದು. ನಾನಾದರೆ ಆ ಹುಡುಗನಿಗೆ ಮೂರನೆಯ ದಿನ ನಾನೇ ಕರೆದು ಕೊಡಬಹುದಿತ್ತು. ಅವನು ಊರು ಬಿಡುವವರೆಗೂ ಪ್ರತಿದಿನ ನನ್ನೆದುರೇ ಕೂರುತ್ತಿದ್ದ. ದಿನಗಳು ಬೇಕಾದಷ್ಟಿದ್ದವು. ತಪ್ಪಾಯಿತೆಂದು ಅನ್ನಿಸಿದ ಮೇಲೆ ಒಪ್ಪಿಕೊಳ್ಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಮೊದಲ ಶನಿವಾರ ಮುಗಿದ ಕೂಡಲೇ ನನಗೆ ಬರೆ. ಎಷ್ಟು ಮಕ್ಕಳು ಬಂದರು ಎಂದು ಬೇಡ. ಒಂದು ಮಗು ಏನು ಕೇಳಿತು, ನೀನು ಏನೆಂದೆ, ಅಷ್ಟನ್ನು ಬರೆ.

ಇಂತು,
ನಿನ್ನ ಅತ್ತೆ