ಕಿಲ್ಟ್ ಜೊತೆ ಬಿಳಿ ಸಾಕ್ಸೇ ಸಂಪ್ರದಾಯ ಅನ್ನೋದು ಸರಿಯಲ್ಲ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಸ್ಕಾಟ್ಲೆಂಡಿನ ಕಿಲ್ಟ್, ಅಂದ್ರೆ ಗಂಡಸರು ಉಡೋ ಮಡಿಕೆ ಮಡಿಕೆಯ ಮೊಣಕಾಲುದ್ದದ ಲಂಗ, ಅದರ ಬಗ್ಗೆ ಬಂದ ಲೇಖನ ಓದಿದೆ. ಕಿಲ್ಟ್ ಬಟ್ಟೆಯ ಟಾರ್ಟನ್ ಅನ್ನೋ ಬಣ್ಣದ ಚೌಕಳಿ ಬಗ್ಗೆ, ಆ ಚೌಕಳಿಗಳಿಗೆ ಹೆಸರು ಕೊಟ್ಟ ಕುಲಗಳ ಬಗ್ಗೆ ಎಲ್ಲಾ ಚೆನ್ನಾಗೇ ಬರೆದಿದ್ದಾರೆ, ಆದ್ರೆ ಕೊನೆಗೆ ಬಂದು ಇದರ ಜೊತೆ ಬಿಳಿ ಉಣ್ಣೆ ಸಾಕ್ಸ್ ಹಾಕೋದು ಸಂಪ್ರದಾಯ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದಾರೆ. ಆ ಒಂದು ಸಾಲಿಗೋಸ್ಕರ ಈ ಪತ್ರ. ನಾನು ಎಡಿನ್‌ಬರಾದಲ್ಲಿ ಇರೋನು, ಇಲ್ಲಿಗೆ ಓದೋಕೆ ಬರೋ ನಮ್ಮ ಹುಡುಗರು ಗ್ರಾಜುಯೇಷನ್‌ಗೋ ಸ್ನೇಹಿತರ ಮದುವೆಗೋ ಕಿಲ್ಟ್ ಹಾಕ್ತಾರೆ, ಅವರೂ ನಿಮ್ಮ ಪತ್ರಿಕೆ ಓದ್ತಾರೆ, ಅದಕ್ಕೇ ಇದು ಸರಿಯಾಗಿ ತಿಳೀಲಿ ಅಂತ ಬರೀತಿದೀನಿ.

ಮೊದಲು ಆ ಬಿಳಿ ವಿಷಯ. ಮೊಣಕಾಲ ಕೆಳಗಿನ ತನಕ ಬರೋ ಈ ಉಣ್ಣೆ ಸಾಕ್ಸ್‌ಗೆ ಇಲ್ಲಿ ಹೋಸ್ ಅಂತಾರೆ. ಬಿಳಿ ಮತ್ತೆ ಕೆನೆಬಣ್ಣದ ಹೋಸ್ ಎಲ್ಲಿ ನೋಡಿದ್ರೂ ಕಾಣಿಸೋ ಹಾಗಾಗಿದ್ದು ಹೋದ ಶತಮಾನದ ಕೊನೆ ಭಾಗದಲ್ಲಿ, ಬಾಡಿಗೆ ಅಂಗಡಿಗಳ ಕಾಲದಲ್ಲಿ. ಅಂಗಡಿಯವರಿಗೆ ಅದು ಅನುಕೂಲ, ಯಾವ ಟಾರ್ಟನ್ ಕೇಳಿದ್ರೂ ಅದೇ ಒಂದು ಬಣ್ಣದ ಸಾಕ್ಸ್ ಕೊಟ್ಟು ಕಳಿಸಬಹುದು. ಹಾಕ್ಕೊಂಡೋರಿಗೆ ಏನಾಗುತ್ತೆ ಅಂದ್ರೆ, ನೋಡೋರ ಕಣ್ಣು ಮೊದಲು ಕಾಲಿಗೇ ಹೋಗುತ್ತೆ, ಅಷ್ಟು ಚೆಂದದ ಕಿಲ್ಟ್ ಹಿಂದೆ ಬೀಳುತ್ತೆ. ಬ್ಯಾಗ್‌ಪೈಪ್ ಊದೋ ಬ್ಯಾಂಡ್‌ನವರು ಸಾಲಾಗಿ ನಡೆಯುವಾಗ ಎಲ್ಲರ ಕಾಲೂ ಒಂದೇ ಥರ ಕಾಣಬೇಕು, ಅಲ್ಲಿ ಬಿಳಿ ಒಪ್ಪುತ್ತೆ. ಮದುವೆ ಮನೆಯಲ್ಲಿ ಯಾಕೆ ಬೇಕು?

ಹಳೇ ಸಂಪ್ರದಾಯ ಅಂತ ಹುಡುಕ್ಕೊಂಡು ಹೋದ್ರೆ ಸಿಗೋದು ಡಿಸೈನ್ ಇರೋ ಹೋಸೇ. 18ನೇ ಶತಮಾನದಲ್ಲಿ ನೇಯ್ದ ಚೌಕಳಿ ಬಟ್ಟೆಯನ್ನೇ ಕಾಲಿನ ಆಕಾರಕ್ಕೆ ಕತ್ತರಿಸಿ ಹಿಂದೆ ಹೊಲಿಗೆ ಹಾಕ್ತಿದ್ರು. ನೇಯ್ದ ಬಟ್ಟೆ ನೇರ ಕತ್ತರಿಸಿದ್ರೆ ಹಿಗ್ಗಲ್ಲ, ಮೀನಖಂಡಕ್ಕೆ ಕೂರಲ್ಲ, ಹಾಗಾಗಿ ಟೈಲರ್‌ಗಳು ಕ್ರಾಸ್ ಕಟಿಂಗ್ ಅಂತಾರಲ್ಲ ಹಾಗೆ ಓರೆಯಾಗಿ ಕತ್ತರಿಸ್ತಿದ್ರು, ಓರೆ ಮಾಡಿದ ತಕ್ಷಣ ಚೌಕಗಳೆಲ್ಲ ತಿರುಗಿ ವಜ್ರದ ಆಕಾರಕ್ಕೆ ನಿಂತ್ಕೊಳ್ತಿದ್ವು. ಆಮೇಲೆ ಕೈಯಲ್ಲಿ ಹೆಣೆಯೋಕೆ ಶುರು ಮಾಡಿದಾಗ್ಲೂ ಆ ವಜ್ರಾನ ಬಿಡಲಿಲ್ಲ. ಇವತ್ತು ಆಫೀಸ್ ಸಾಕ್ಸ್ ಮೇಲೆ, ಸ್ವೆಟರ್ ಮೇಲೆ ನೋಡ್ತೀವಲ್ಲ ಆರ್ಗೈಲ್ ಡಿಸೈನ್, ಅದೂ ಇದೇ ವಂಶದ್ದು, ಆರ್ಗೈಲ್ ಪ್ರದೇಶದ ಕ್ಯಾಂಪ್‌ಬೆಲ್ ಕುಲದ ಟಾರ್ಟನ್ನಿಂದ ಬಂದ ಹೆಸರು. ಇಲ್ಲಿನ ಬಂಡಾಯಗಾರರು ಸೋತ ಕಲೊಡನ್ ಯುದ್ಧ ಆದ್ಮೇಲೆ ಬ್ರಿಟಿಷ್ ಸರ್ಕಾರದವರು 1746ರ ಕಾನೂನಲ್ಲಿ ಹೈಲ್ಯಾಂಡ್ ಅನ್ನೋ ಉತ್ತರದ ಗುಡ್ಡಗಾಡಿನ ಉಡುಪನ್ನೇ, ಅಂದ್ರೆ ಕಿಲ್ಟ್ ಟಾರ್ಟನ್ನನ್ನೇ, ನಿಷೇಧ ಮಾಡಿದ್ರು, 1782ರಲ್ಲಿ ಅದು ರದ್ದಾಯ್ತು, ಅಲ್ಲೀ ತನಕ ಸೈನ್ಯದ ಹೈಲ್ಯಾಂಡ್ ರೆಜಿಮೆಂಟ್‌ಗಳಿಗೆ ಮಾತ್ರ ವಿನಾಯಿತಿ. ಎರಡು ಬಣ್ಣದ ಚೌಕಳಿ ಹೋಸ್ ಇವತ್ತಿಗೂ ಎಲ್ಲರಿಗೂ ಗುರುತು ಇದೆ ಅಂದ್ರೆ ಅದಕ್ಕೆ ಬಹುಪಾಲು ಕಾರಣ ಆ ಸೈನಿಕರೇ, ಬ್ಲ್ಯಾಕ್ ವಾಚ್ ರೆಜಿಮೆಂಟ್‌ನವರದ್ದು ಕೆಂಪು ಕಪ್ಪು, ಕ್ಯಾಮರಾನ್ ಹೈಲ್ಯಾಂಡರ್ಸ್‌ದು ಕೆಂಪು ಹಸಿರು, ಆರ್ಗೈಲ್ ಅಂಡ್ ಸದರ್ಲ್ಯಾಂಡ್‌ನವರದ್ದು ಕೆಂಪು ಬಿಳಿ ಇರ್ತಿತ್ತು.

ಈಗ ಬಣ್ಣ ಆರಿಸೋ ವಿಷಯಕ್ಕೆ ಬರ್ತೀನಿ, ನನಗೆ ಹೇಳಬೇಕಾಗಿರೋದು ಇದೇ. ಕಿಲ್ಟ್ ಕೆಂಪು ಇದ್ರೆ ಹೋಸ್ ಕೂಡ ಪೂರ್ತಿ ಕೆಂಪು ಅಂತ ಹುಡುಕಬೇಡಿ. ಸೀರೆಗೆ ಬ್ಲೌಸ್ ಆರಿಸುವಾಗ ಒಡಲಿನ ಬಣ್ಣ ಬಿಟ್ಟು ಅಂಚಿನ ಬಣ್ಣ ಹಿಡಿತೀವಲ್ಲ, ಅದೇ ಲೆಕ್ಕ ಇಲ್ಲೂ ನಡೆಯುತ್ತೆ. ಕಿಲ್ಟನ್ನ ಕಿಟಕಿ ಹತ್ರ ಹಗಲು ಬೆಳಕಿಗೆ ತಂದು ಒಂದು ಮಡಿಕೆ ಬಿಡಿಸಿ ನೋಡಿ. ದೂರದಿಂದ ಬರೀ ಹಸಿರು ನೀಲಿ ಅಂತ ಕಂಡಿದ್ದು ಹತ್ರ ಬಂದಾಗ ಬೇರೇನೇ ಇರುತ್ತೆ, ಎರಡು ಬಣ್ಣದ ನೂಲು ಒಂದರ ಮೇಲೊಂದು ದಾಟೋ ಕಡೆ ಓರೆ ಓರೆ ಗೆರೆ ಬಿದ್ದು ಮೂರನೇ ಬಣ್ಣಾನೇ ಹುಟ್ಟಿರುತ್ತೆ, ಅದರ ಮಧ್ಯೆ ನಾಲ್ಕಾರು ಎಳೆಯ ಸಣ್ಣ ಗೆರೆ ಒಂದು ಓಡ್ತಿರುತ್ತೆ. ಎರಡನೇ ಸ್ಥಾನದಲ್ಲಿರೋ ಬಣ್ಣ ಹೋಸ್‌ನ ಮೈಗೆ, ಆ ಸಣ್ಣ ಗೆರೆಯ ಬಣ್ಣ ಹೋಸ್‌ನ ಮೇಲಿನ ಗೆರೆಗೆ, ಇಷ್ಟು ಹಿಡಿದ್ರೆ ಸಾಮಾನ್ಯವಾಗಿ ಕೈ ತಪ್ಪಲ್ಲ. ಗಾರ್ಡನ್ ಟಾರ್ಟನ್ ತಗೊಳ್ಳಿ, ಹಸಿರು ನೀಲಿ ಕಪ್ಪು, ನಡುವೆ ಒಂದು ಹಳದಿ ಗೆರೆ. ಅದಕ್ಕೆ ಕಡು ಹಸಿರು ಮತ್ತೆ ನೀಲಿ ವಜ್ರ, ಮೇಲೆ ಅಡ್ಡ ಹಾಯೋ ಹಳದಿ ಗೆರೆ ಬಹಳ ಚೆನ್ನಾಗಿರುತ್ತೆ. ಅದೇ ಹಳದೀನ ಮೈಗೆ ಹಾಕಿದ್ರೆ ಕಿಲ್ಟ್ ಸತ್ತೇ ಹೋಯ್ತು. ಕೆಂಪು ಮೈಯ ರಾಯಲ್ ಸ್ಟೂವರ್ಟ್‌ಗೆ ನಾನಾದ್ರೆ ಕಡು ಹಸಿರು ಕೆಂಪು ಚೌಕಳಿ ಹೇಳ್ತೀನಿ. ಇನ್ನು ಬ್ಲ್ಯಾಕ್ ವಾಚ್ ಟಾರ್ಟನ್‌ನಲ್ಲಿ ಕೆಂಪು ಅನ್ನೋದು ಒಂದು ಎಳೆನೂ ಇಲ್ಲ, ಆದ್ರೂ ಅದಕ್ಕೆ ಆ ರೆಜಿಮೆಂಟಿನ ಕೆಂಪು ಕಪ್ಪು ಹೋಸ್ ಎಷ್ಟು ಒಪ್ಪುತ್ತೆ ನೋಡಿ, ಕತ್ತಲೆ ಬಣ್ಣದ ಬಟ್ಟೆಗೆ ಕೆಳಗಿಂದ ಜೀವ ಬರುತ್ತೆ. ಅಂದ್ರೆ ಲೆಕ್ಕ ಮೀರಿಯೂ ಹೋಗಬಹುದು, ಆದ್ರೆ ಒಂದು ಬಣ್ಣ ಹೊಸದು ತಂದಾಗ ಇನ್ನೊಂದು ಕಿಲ್ಟಿಂದಾನೇ ಇರಬೇಕು.

ತುಂಬಾ ಜನ ಗಮನಿಸದೇ ಇರೋದು ಶೇಡ್. ಒಂದೇ ಟಾರ್ಟನ್ ಮಾಡರ್ನ್, ಏನ್ಷಿಯಂಟ್, ವೆದರ್ಡ್ ಅಂತ ಬೇರೆ ಬೇರೆ ಡೈಗಳಲ್ಲಿ ಸಿಗುತ್ತೆ. ಮಾಡರ್ನ್ ಅಂದ್ರೆ ಗಾಢ, ಏನ್ಷಿಯಂಟ್ ಅಂದ್ರೆ ಹಳೇ ಗಿಡಮೂಲಿಕೆ ಬಣ್ಣದ ಥರ ತಿಳಿ, ವೆದರ್ಡ್ ಅಂದ್ರೆ ಬಿಸಿಲು ಮಳೆಗೆ ಮಾಸಿದ ಹಾಗೆ ಕಂದು ಬೂದು. ಏನ್ಷಿಯಂಟ್ ಕಿಲ್ಟಿಗೆ ಮಾಡರ್ನ್ ಶೇಡಿನ ಹೋಸ್ ಹಾಕಿದ್ರೆ ಹೆಸರಿಗೆ ಎರಡೂ ಹಸಿರೇ, ಆದ್ರೆ ಕಣ್ಣಿಗೆ ಒಂದು ತೊಳೆದಿದ್ದು ಇನ್ನೊಂದು ಒದ್ದೆ ಅನ್ನೋ ಹಾಗೆ ಕಾಣುತ್ತೆ. ಫೋನಲ್ಲಿ ಫೋಟೋ ನೋಡಿ ಆರ್ಡರ್ ಮಾಡೋರು ಇದನ್ನ ಮೊದಲು ನೋಡಬೇಕು, ಟ್ಯೂಬ್‌ಲೈಟಲ್ಲಿ ನೇವಿ ಮತ್ತೆ ಕಪ್ಪು ಒಂದೇ ಥರ ಇರುತ್ತೆ. ಅಂಗಡಿಯಲ್ಲಿ ಸಾಕ್ಸ್ ಒಳಗೆ ಕೈ ಹಾಕಿ ಹಿಗ್ಗಿಸಿಯೂ ನೋಡಿ, ಮೀನಖಂಡದ ಮೇಲೆ ಹಿಗ್ಗಿದಾಗ ವಜ್ರ ಅಗಲ ಆಗಿ ಬಣ್ಣ ಒಂದು ಸ್ವಲ್ಪ ತಿಳಿ ಆಗುತ್ತೆ.

ಚೌಕದ ಸೈಜೂ ಮುಖ್ಯ. ಕಿಲ್ಟಿನ ಚೌಕಳಿ ದೊಡ್ಡದು, ಹೋಸ್‌ನದ್ದೂ ಅಷ್ಟೇ ದೊಡ್ಡದಾಗಿದ್ರೆ ಎರಡೂ ಜಗಳ ಆಡುತ್ತೆ, ಚಿಕ್ಕದಿರಲಿ. ಕಿಲ್ಟಿನ ಟಾರ್ಟನ್ನೇ ಹೋಸಲ್ಲೂ ಹೆಣೆಸಿಕೊಳ್ಳೋ ಪದ್ಧತಿನೂ ಇದೆ, ಅದು ರಾತ್ರಿ ಔತಣದ ಫಾರ್ಮಲ್ ಡ್ರೆಸ್‌ಗೆ. ಹಗಲು ಹೊತ್ತಲ್ಲಿ ಟ್ವೀಡ್ ಜಾಕೆಟ್ ಹಾಕಿದ್ರೆ ಕಾಲು ಪ್ಲೇನ್ ಪಾಚಿ ಹಸಿರೋ ಬೂದು ನೀಲಿಯೋ ಇಟ್ಟು, ಮೇಲೆ ಮಡಚೋ ಪಟ್ಟಿಯಲ್ಲಿ ಮಾತ್ರ ಡಿಸೈನ್ ಇರೋ ಹೋಸ್ ಸಿಗುತ್ತೆ, ಹೊಸಬರಿಗೆ ನನ್ನ ಸಲಹೆ ಅದೇ. ಆ ಮಡಿಕೆ ಕೆಳಗೆ ಇಣುಕೋ ರಿಬ್ಬನ್ ತುಂಡು, ಅಂದ್ರೆ ಫ್ಲ್ಯಾಶ್, ಅದನ್ನ ಡಿಸೈನ್ ಹೋಸ್ ಜೊತೆ ಪ್ಲೇನ್ ಆಗಿ ಇಡಿ, ಹೋಸ್‌ನಲ್ಲಿರೋ ಎರಡು ಬಣ್ಣದಲ್ಲಿ ಒಂದು ಸಾಕು, ಅದೂ ಟಾರ್ಟನ್, ಇದೂ ಟಾರ್ಟನ್ ಅಂತ ಹಾಕಬೇಡಿ. ಹಾಕಿದ್ಮೇಲೆ ಮೊಣಕಾಲ ಚಿಪ್ಪಿಂದ ಎರಡು ಮೂರು ಬೆರಳು ಕೆಳಗೆ ನಿಲ್ಲಬೇಕು, ಮುಂದಿನ ವಜ್ರಗಳು ಕಾಲಿನ ಮೂಳೆ ಮೇಲೆ ನೆಟ್ಟಗೆ ಇಳಿಬೇಕು, ತಿರುಚಿಕೊಂಡಿದ್ರೆ ಎಷ್ಟು ಒಳ್ಳೆ ಬಣ್ಣ ಆದ್ರೂ ಪ್ರಯೋಜನ ಇಲ್ಲ.

ರೇಟು ಜಾಸ್ತಿ ಅಂತಾರೆ, ಹೌದು ಜಾಸ್ತಿನೇ. ಇಲ್ಲಿನ ಗಡಿ ಭಾಗದ ಹಾಯಿಕ್ ಊರಿಗೆ ಸಾಕ್ಸ್ ಹೆಣೆಯೋ ಫ್ರೇಮ್ 1771ರಲ್ಲೇ ಬಂದಿತ್ತು, ಪ್ಲೇನ್ ಸಾಕ್ಸ್ ಮಾಡೋದು ಯಾವತ್ತೋ ಸುಲಭ ಆಯ್ತು. ಆದ್ರೆ ಕೈಯಲ್ಲಿ ಹೆಣೆಯೋ ವಜ್ರದ ಹೋಸ್‌ನಲ್ಲಿ ಪ್ರತಿ ವಜ್ರಕ್ಕೂ ಬೇರೆ ನೂಲಿನ ಉಂಡೆ, ಬಣ್ಣ ಬದಲಾಗೋ ಪ್ರತಿ ಜಾಗದಲ್ಲೂ ಎರಡು ನೂಲನ್ನ ಸುತ್ತಿ ಬಿಡಬೇಕು, ಇಲ್ಲಾಂದ್ರೆ ತೂತು ಬೀಳುತ್ತೆ. ಸಾಕ್ಸ್ ಒಳಮಗ್ಗುಲು ತಿರುಗಿಸಿ ನೋಡಿದ್ರೆ ಒಂದೊಂದು ವಜ್ರದ ಅಂಚಲ್ಲೂ ಸೂಜಿಯಲ್ಲಿ ಸೇರಿಸಿದ ನೂಲಿನ ತುದಿಗಳು ಕಾಣುತ್ತೆ, ಆ ಕೆಲಸ ನೋಡಿದೋರು ದುಡ್ಡಿಗೆ ಗೊಣಗಲ್ಲ. ಮೆಷಿನ್ನಲ್ಲಿ ಮಾಡಿದ ಎರಡು ಬಣ್ಣದ ಚೌಕಳಿ ಹೋಸ್ ಇದಕ್ಕಿಂತ ಎಷ್ಟೋ ಕಮ್ಮಿಗೆ ಸಿಗುತ್ತೆ, ಅದೂ ಉಣ್ಣೇದು, ಚೆನ್ನಾಗೇ ಬಾಳಿಕೆ ಬರುತ್ತೆ.

ಕಿಲ್ಟ್, ಜಾಕೆಟ್, ಶೂ ಎಲ್ಲಾ ಬಾಡಿಗೆಗೆ ತಗೊಳ್ಳೋ ಹುಡುಗರು ಹೋಸ್ ಒಂದನ್ನ ಮಾತ್ರ ಸ್ವಂತಕ್ಕೆ ಕೊಂಡ್ಕೊಂಡ್ರೆ ಸಾಕು, ಯಾವ ಅಂಗಡಿಯವರೂ ಬೇಡ ಅನ್ನಲ್ಲ. ಅಳತೆ ಕೊಡೋಕೆ ಹೋದ ದಿನಾನೇ ನಿಮಗೆ ಕೊಡೋ ಟಾರ್ಟನ್ ಹೆಸರು ಏನು, ಮಾಡರ್ನೋ ಏನ್ಷಿಯಂಟೋ ಅಂತ ಕೇಳಿ ಬರ್ಕೊಂಡು ಬನ್ನಿ, ಹೋಸ್ ಅಂಗಡಿಯಲ್ಲಿ ಮೊದಲು ಕೇಳೋದೇ ಅದನ್ನ.

ಇಂತಿ,
ನಿಮ್ಮ ಓದುಗ, ಎಡಿನ್‌ಬರಾ